ಆಟಿಕೆಗಳ ಧೂಳು ತೆಗೆದ ಮೂವತ್ತು ದಿನ

2023ರ ಮೇ ತಿಂಗಳಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿ ಐದು ತಿಂಗಳು ಇದ್ದು ಬಂದೆ. ಬಂದ ಮೇಲೆ ಮದುವೆ, ಪೂಜೆಗಳಲ್ಲಿ ಸಿಕ್ಕ ಬಂಧು-ಬಳಗದವರೆಲ್ಲ ಕೇಳುವುದು ಒಂದೇ: “ಲಂಡನ್ ನೋಡಿದ್ರ್ಯಾ? ಅರಮನಿ ನೋಡಿದ್ರ್ಯಾ?” ನೋಡಿದೆ. ಎಲ್ಲರೂ ನೋಡುವಷ್ಟನ್ನು ನಾನೂ ನೋಡಿದೆ. ಆದರೆ ಅದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿದದ್ದು ಅಲ್ಲಿ ನಾನು ಮಾಡಿದ ಒಂದು ಕೆಲಸ. ಅದನ್ನು ಹೇಳಿದರೆ ಜನ ನಗುತ್ತಾರೆ. “ಅಷ್ಟು ದೂರ ವಿಮಾನದಾಗ ಹೋಗಿ ಆಟಗಿ ಸಾಮಾನಿನ ಧೂಳಾ ಝಾಡಿಸಿ ಬಂದ್ರ್ಯಾ ಅಕ್ಕಾ?” ಎಂದು ನನ್ನ ನೆಗೆಣ್ಣಿ ಎಲ್ಲರೆದುರಿಗೆ ಕೇಳಿದಳು. ಹೌದು, ಅದನ್ನೇ ಮಾಡಿದೆ. ಆ ವಿಷಯವಾಗಿಯೇ ನಾಲ್ಕು ಮಾತು ಬರೆಯೋಣವೆಂದು ಕುಳಿತಿದ್ದೇನೆ.

ಅಕ್ಕಲಕೋಟೆಯಲ್ಲಿ ನಮ್ಮದು ಬಳೆ, ಕಟ್ಲರಿ, ಆಟಿಕೆ ಸಾಮಾನಿನ ಅಂಗಡಿ. ಮಾವನವರು ಹಾಕಿದ್ದು. ಪತಿ ತೀರಿಕೊಂಡ ಮೇಲೆ ಹನ್ನೆರಡು ವರ್ಷ ನಾನೇ ಗಲ್ಲೆಯ ಮುಂದೆ ಕುಳಿತು ನಡೆಸಿ, ಈಗ ಮೈದುನನ ಮಗನಿಗೆ ಒಪ್ಪಿಸಿದ್ದೇನೆ. ಮಗಳು-ಅಳಿಯ ಇರುವುದು ಲೆಸ್ಟರ್ ನಗರದಲ್ಲಿ. ಗುಜರಾತಿ ಜನ ತುಂಬಿದ ಊರು. ಆಕ್ಸ್‌ಫರ್ಡ್ ರಸ್ತೆಯಲ್ಲಿ ಅಮೃತಶಿಲೆಯ ಮುಂಭಾಗವಿರುವ ಜಿನಾಲಯವಿದೆ. ಹಿಂದೆ ಅದು ಕ್ರೈಸ್ತರ ಪ್ರಾರ್ಥನಾ ಮಂದಿರವಾಗಿತ್ತಂತೆ. ಜೋಳದ ಹಿಟ್ಟೂ ಸಿಗುತ್ತದೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. ಹೀಗಾಗಿ ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ನಮ್ಮಂಥವರಿಗೆ ಯಾವ ಗಡಿಬಿಡಿಯೂ ಇರಲಿಲ್ಲ. ಕೊರತೆ ಇದ್ದದ್ದು ಒಂದೇ. ಮಗಳು ಆಸ್ಪತ್ರೆಯ ಔಷಧ ವಿಭಾಗಕ್ಕೆ, ಅಳಿಯಂದಿರು ಕಚೇರಿಗೆ, ಮೊಮ್ಮಗ ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಗಿರಾಕಿಗಳ ನಡುವೆ ದಿನ ಕಳೆದವಳಿಗೆ ಮಧ್ಯಾಹ್ನದ ಹೊತ್ತು ಸರಿಯುತ್ತಲೇ ಇರಲಿಲ್ಲ.

ಮೊಮ್ಮಗನಿಗೆ ಎಂಟು ವರ್ಷ. ಅಲ್ಲಿಯ ಮಕ್ಕಳಂತೆ ಅವನಿಗೂ ಲೆಗೋ ಹುಚ್ಚು. ಲೆಗೋ ಎಂದರೆ ಒಂದರ ಮೇಲೊಂದು ಒತ್ತಿ ಕೂಡಿಸುವ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆ. ಆ ಬಗೆಯ ಅಗ್ಗದ ಮಾಲು ನಮ್ಮ ಅಂಗಡಿಯಲ್ಲಿಯೂ ಜಾತ್ರೆಯ ದಿನಗಳಲ್ಲಿ ಹೋಗುತ್ತದೆ. ಮೂಲದವರು ಡೆನ್ಮಾರ್ಕ್ ದೇಶದವರು. ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಕಟ್ಟಿಗೆಯ ಆಟಿಕೆ ಮಾಡಲು ತೊಡಗಿದ. ಮೇಲೆ ಗುಬುಟು, ಒಳಗೆ ಕೊಳವೆ ಇರುವ ಇಂದಿನ ಇಟ್ಟಿಗೆಗೆ ಅವನ ಮಗ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆಗಿನ ಇಟ್ಟಿಗೆ ಇಂದು ಪೇಟೆಯಿಂದ ತಂದ ಇಟ್ಟಿಗೆಯ ಮೇಲೆ ಸರಿಯಾಗಿ ಕೂಡುತ್ತದೆ. ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿ 51 ಲಕ್ಷಕ್ಕೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದೆಂದು ಲೆಕ್ಕ ಹಾಕಿದ್ದಾರೆ. ವ್ಯಾಪಾರದ ಮಾತು ಹೇಳುವುದಾದರೆ, ಇಷ್ಟು ಚಿಕ್ಕ ಮಾಲಿನಲ್ಲಿ ಇಷ್ಟು ಬರಕತ್ತು ಇನ್ನಾವುದರಲ್ಲಿಯೂ ನಾನು ಕಂಡಿಲ್ಲ.

ಈ ಇಟ್ಟಿಗೆಗಳಿಂದ ಆಳೆತ್ತರದ ಕಟ್ಟಡ, ಪ್ರಾಣಿ, ಮನುಷ್ಯಾಕೃತಿಗಳನ್ನು ಕಟ್ಟಿ ಊರೂರಿಗೆ ಒಯ್ದು ತೋರಿಸುವ ಪ್ರದರ್ಶನಗಳು ಈಗ ಬಹಳ. ನ್ಯೂಯಾರ್ಕಿನ ನೇಥನ್ ಸವಾಯಾ ಎಂಬವರು ವಕೀಲಿ ಬಿಟ್ಟು ಇದನ್ನೇ ಹಿಡಿದರು. 2007ರಲ್ಲಿ ಪೆನ್ಸಿಲ್ವೇನಿಯಾದ ಒಂದು ಸಂಗ್ರಹಾಲಯದಲ್ಲಿ ತೊಡಗಿದ ಅವರ ಪ್ರದರ್ಶನ ಅಲ್ಲಿಂದ ಎಷ್ಟೋ ದೇಶ ಸುತ್ತಿತು. ಶಾನ್ ಕೆನ್ನಿ ಎಂಬವರ ಆಕೃತಿಗಳು 2012ರಲ್ಲಿ ಅಮೇರಿಕೆಯ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ತೋಟದಿಂದ ಹೊರಟು, ಬಿಸಿಲು-ಮಳೆಯೆನ್ನದೆ ಬೇರೆ ಬೇರೆ ತೋಟಗಳಲ್ಲಿ ನಿಂತವು. ಎಡಿನ್‌ಬರೋದ ವಾರೆನ್ ಎಲ್ಸ್‌ಮೋರ್ ಅವರ ಮಾದರಿಗಳು ಬ್ರಿಟನ್ನಿನ ಸಂಗ್ರಹಾಲಯಗಳಲ್ಲಿ ಸಂಚರಿಸಿವೆ. ನಾನು ಕೆಲಸ ಮಾಡಿದ್ದು ಇವರಾರ ಪ್ರದರ್ಶನದಲ್ಲಿಯೂ ಅಲ್ಲ. ಅದು ಇನ್ನೂ ಸಣ್ಣದು. ಮಗಳ ಆಸ್ಪತ್ರೆ ಇರುವ ಪಕ್ಕದ ಊರಿನ ಸಂಗ್ರಹಾಲಯಕ್ಕೆ ಬೇಸಿಗೆಯ ನಾಲ್ಕು ತಿಂಗಳಿಗೆಂದು ಬಂದದ್ದು. ಸುಮಾರು ನಲವತ್ತು ಮಾದರಿಗಳು: ಒಂದು ರೈಲು ನಿಲ್ದಾಣ, ದೀಪಸ್ತಂಭವಿರುವ ಬಂದರು, ತೂಗು ಸೇತುವೆ, ಚರ್ಚು, ಹಡಗು, ಸಂತೆ. ಸಂತೆಯಲ್ಲಿ ಉಗುರಿನಷ್ಟು ಸೇಬು, ಅದನ್ನು ತೂಗುವ ಬೆರಳೆತ್ತರದ ಗೊಂಬೆ. ಒಬ್ಬ ಹೆಂಗಸಿನ ಕೈಯಲ್ಲಿ ಕಸಬರಿಗೆಯೂ ಇತ್ತು.

ಮೊಮ್ಮಗನ ಜೊತೆ ನೋಡಲು ಹೋದ ದಿನ ಬಾಗಿಲ ಬಳಿ ಫಲಕ ಕಂಡಿತು: ಬೆಳಗಿನ ಹೊತ್ತು ಮಾದರಿಗಳ ಧೂಳು ತೆಗೆಯಲು ಸ್ವಯಂಸೇವಕರು ಬೇಕು. ನಾನು ಮಗಳ ಮುಖ ನೋಡಿದೆ. “ಅವ್ವಾ, ಇಲ್ಲೂ ಅಂಗಡಿ ತಗೀತೀ ಏನ?” ಎಂದು ನಕ್ಕಳು. ಆದರೆ ವಿಚಾರಿಸಿ ಬಂದಳು. ಅಲ್ಲಿಯ ಕಾಯಿದೆ ನಮಗೆ ತಿಳಿದಿರಬೇಕು. ಭೇಟಿಯ ವೀಸಾದ ಮೇಲೆ ಹೋದವರು ಸಂಬಳದ ಕೆಲಸ ಮಾಡುವಂತಿಲ್ಲ. ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿ ಉಚಿತ ಸೇವೆ ಮಾಡಬಹುದು. ಅದೂ ಒಟ್ಟು 30 ದಿನ ಮೀರಬಾರದು. ಆ ಸಂಗ್ರಹಾಲಯ ಅಂಥ ಒಂದು ಟ್ರಸ್ಟಿನದು. ಜೂನ್ 6ರ ಮಂಗಳವಾರದಿಂದ ಜುಲೈ 5ರವರೆಗೆ ಎಂದು ಬರೆದುಕೊಟ್ಟರು. ಸೋಮವಾರ ರಜೆ. ಮಗಳು ಬೆಳಿಗ್ಗೆ ಎಂಟಕ್ಕೆ ಕಾರಿನಲ್ಲಿ ಬಿಟ್ಟು ಹೋಗುವಳು. ಅವಳಿಗೆ ರಜೆಯಿದ್ದ ದಿನ ಅಳಿಯಂದಿರು ಬಿಡುವರು. ಹತ್ತು ಗಂಟೆಗೆ ಬಾಗಿಲು ತೆರೆಯುವುದರೊಳಗೆ ನಮ್ಮ ಕೆಲಸ ಮುಗಿಯಬೇಕು.

ಧೂಳು ತೆಗೆಯುವುದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದೆ. ಅರ್ಧ ದಿನ ಪಾಠವೇ ಆಯಿತು. ಮೇಲ್ವಿಚಾರಕಿ ನನ್ನ ವಯಸ್ಸಿನವಳೇ. ಮಾತು ಕಡಿಮೆ, ಕೈ ಬಹಳ ಹಗುರ. ಬಲಗೈಯಲ್ಲಿ ಮೆತ್ತನೆಯ ಕೂದಲಿನ ಬ್ರಷ್, ಎಡಗೈಯಲ್ಲಿ ಸಣ್ಣ ವ್ಯಾಕ್ಯೂಮ್ ಕ್ಲೀನರಿನ ಕೊಳವೆ. ಕೊಳವೆಯ ಬಾಯಿಗೆ ಸೊಳ್ಳೆ ಪರದೆಯಂಥ ತೆಳು ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ. ಸಡಿಲಾದ ಒಂದು ಹೂವೋ ದೀಪವೋ ಎದ್ದು ಬಂದರೆ ಒಳಗೆ ಹೋಗದೆ ಬಟ್ಟೆಯ ಮೇಲೆಯೇ ನಿಲ್ಲಬೇಕು. ಕೊಳವೆ ಮಾದರಿಗೆ ತಾಗಲೇಕೂಡದು. ಬ್ರಷ್ಷಿನಿಂದ ಧೂಳನ್ನು ಮೆಲ್ಲನೆ ಎಬ್ಬಿಸಿ ಕೊಳವೆಯ ಕಡೆಗೆ ತಳ್ಳುವುದು, ಮೇಲಿನಿಂದ ಕೆಳಕ್ಕೆ. ಬ್ರಷ್ಷಿನ ಹಿಡಿಕೆಗಿರುವ ಲೋಹದ ಪಟ್ಟಿಗೂ ಟೇಪು ಸುತ್ತಿದ್ದರು, ಗೀರು ಬೀಳಬಾರದೆಂದು. ಬಳೆ, ಉಂಗುರ ತೆಗೆದಿಡಬೇಕು. ನನ್ನ ಕೈಯ ಬಳೆಗೆ ಒಂದು ಉದ್ದ ತೋಳಿನ ಕೈಚೀಲ ತೊಡಿಸಿ ಒಪ್ಪಿಕೊಂಡರು.

ಅರಿವೆಯಿಂದ ಒರೆಸುವುದು ಬೇಡವೇ ಎಂದು ಕೇಳಿದೆ. ಬೇಡ. ಗುಬುಟುಗಳ ಸಂದಿಯಲ್ಲಿ ಕುಳಿತ ಧೂಳು ಅರಿವೆಗೆ ಬರುವುದಿಲ್ಲ. ಬಂದರೂ ಒರೆಸಿದಷ್ಟೂ ಪ್ಲಾಸ್ಟಿಕ್ಕಿಗೆ ಒಂದು ಬಗೆಯ ವಿದ್ಯುತ್ತು ಹತ್ತಿ ಮತ್ತಷ್ಟು ಧೂಳನ್ನು ಸೆಳೆಯುತ್ತದೆ. ಕಪ್ಪು ಇಟ್ಟಿಗೆ ಮತ್ತು ಗಾಜಿನಂಥ ಪಾರದರ್ಶಕ ತುಂಡುಗಳ ಮೇಲೆ ಕೂದಲೆಳೆಯಂಥ ಗೀರು ಬೀಳುತ್ತದೆ. ಗೊಂಬೆಗಳ ಮೈಮೇಲಿನ ಅಚ್ಚು ಮಾಸುತ್ತದೆ. ಡಬ್ಬಿಯಿಂದ ಗಾಳಿ ಊದುವುದೂ ಬೇಡ. ಧೂಳು ಈ ಮಾದರಿಯಿಂದ ಹಾರಿ ಆ ಮಾದರಿಯ ಮೇಲೆ ಕೂರುತ್ತದೆ. ನಮ್ಮ ಅತ್ತೆಯವರು ಅಂಗಡಿಯಲ್ಲಿ ಬೆಳಿಗ್ಗೆ ಹಳೇ ಸೀರೆಯ ತುಂಡಿನಿಂದ ಪಟಪಟನೆ ಬಡಿಯುವುದನ್ನು ನೋಡಿ ಮಾವನವರು, “ಧೂಳ ಹೋಗಲಿಲ್ಲ, ಮನಿ ಬದಲಿ ಮಾಡಿತು” ಎನ್ನುತ್ತಿದ್ದುದು ನೆನಪಾಯಿತು. ಇಟಲಿಯ ಫ್ಲಾರೆನ್ಸಿನಲ್ಲಿ ಮೈಕೆಲ್ಯಾಂಜೆಲೋ ಕಡೆದ ಡೇವಿಡ್ ವಿಗ್ರಹವನ್ನೂ ಎರಡು ತಿಂಗಳಿಗೊಮ್ಮೆ ಹೀಗೆಯೇ ಬ್ರಷ್ಷು ಮತ್ತು ವ್ಯಾಕ್ಯೂಮಿನಿಂದ ಸ್ವಚ್ಛ ಮಾಡುತ್ತಾರಂತೆ. ಐನೂರು ವರ್ಷದ ಶಿಲೆಗೂ ಮಕ್ಕಳ ಪ್ಲಾಸ್ಟಿಕ್ಕಿಗೂ ಒಂದೇ ಉಪಚಾರ.

ಮುಚ್ಚಿದ ಕೋಣೆಯಲ್ಲಿ, ಅಷ್ಟು ಹಸಿರಾದ ಊರಿನಲ್ಲಿ ಇಷ್ಟು ಧೂಳು ಎಲ್ಲಿಂದ ಬರುತ್ತದೆ ಎಂಬುದು ನನಗೆ ಸೋಜಿಗವಾಗಿತ್ತು. ಅದು ನೋಡಲು ಬಂದವರದೇ. ಉಣ್ಣೆ, ಹತ್ತಿ ಬಟ್ಟೆಯ ಎಳೆ, ಚರ್ಮದ ಹೊಟ್ಟು, ಕೂದಲು. ಹಗ್ಗದ ಬೇಲಿಗೆ ಹತ್ತಿರವಿದ್ದ ಮಾದರಿಗಳ ಮೇಲೆ ದಟ್ಟ, ದೂರವಿದ್ದವುಗಳ ಮೇಲೆ ತೆಳು. ಮಕ್ಕಳ ಎದೆಮಟ್ಟದಲ್ಲಿ ಬೆರಳಿನ ಜಿಡ್ಡು. ಅದಕ್ಕೆ ಮಾತ್ರ ಶುದ್ಧ ಮಾಡಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ. ನೀರನ್ನು ಮಾದರಿಯ ಮೇಲೆ ಎಂದೂ ಸಿಂಪಡಿಸುವುದಿಲ್ಲ. ಅತಿ ಹೆಚ್ಚು ಧೂಳು ಸಂತೆಯ ಮಾದರಿಯ ಮೇಲೆ, ಎಲ್ಲರೂ ಬಗ್ಗಿ ನೋಡುತ್ತಿದ್ದುದು ಅದನ್ನೇ. ಜನ ಪ್ರೀತಿಯಿಂದ ನೋಡಿದ ವಸ್ತುವಿಗೇ ಹೆಚ್ಚು ಕೊಳೆ.

ಎರಡನೆಯ ದಿನ ಚರ್ಚಿನ ಎರಡು ಗೋಪುರಗಳ ನಡುವೆ ಒಂದು ಜೇಡ ಬಲೆ ಕಟ್ಟಿತ್ತು. ನನ್ನ ಎಡಗೈಯ ಕೊಳವೆ ಗುಂಯ್‌ಗುಡುತ್ತಿತ್ತು. ಬಂದ್ ಮಾಡಿ ನಿಂತೆ. ಭಾಷೆ ನನಗೆ ಅಷ್ಟು ಓಡುವುದಿಲ್ಲ. ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಮೇಲ್ವಿಚಾರಕಿ ಬಂದು ನೋಡಿದಳು, ಏನನ್ನೂ ಕೇಳದೆ ಒಳಗೆ ಹೋಗಿ ಒಂದು ಗಾಜಿನ ಲೋಟ ಮತ್ತು ರಟ್ಟಿನ ತುಂಡು ತಂದಳು. ಜೇಡದ ಮೇಲೆ ಲೋಟ ಮುಚ್ಚಿ, ಕೆಳಗೆ ರಟ್ಟು ಸರಿಸಿ, ಹೊರಗಿನ ಗಿಡದ ಮೇಲೆ ಬಿಟ್ಟು ಬಂದಳು. ಅಲ್ಲಿಯ ಎಷ್ಟೋ ಮನೆಗಳಲ್ಲಿ ಹಾಗೆಯೇ ಮಾಡುವುದು ವಾಡಿಕೆಯಂತೆ. ನಾವು ನಮ್ಮದಷ್ಟೇ ಎಂದುಕೊಂಡ ನಡತೆ ಬೇರೆಯವರ ಕೈಯಲ್ಲಿ ಕಂಡಾಗ ಒಂದು ಬಗೆಯ ಸಂತೋಷವಾಗುತ್ತದೆ.

ಇನ್ನು ವಹಿಯ ವಿಷಯ. ಇಂಥ ಪ್ರದರ್ಶನ ಊರಿಗೆ ಬಂದಾಗ ಪ್ರತಿಯೊಂದು ಮಾದರಿಯ ಪೆಟ್ಟಿಗೆ ತೆರೆದು, ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಎಲ್ಲಿ ಮುಕ್ಕಾಗಿದೆ, ಎಲ್ಲಿ ಬಣ್ಣ ಹೋಗಿದೆ ಎಂದು ಬರೆದು ಎರಡೂ ಕಡೆಯವರು ಸಹಿ ಮಾಡುತ್ತಾರೆ. ಸ್ಥಿತಿ ವರದಿ ಎನ್ನೋಣ. ಹೋಗುವಾಗ ಮತ್ತೆ ನೋಡಿ, ವ್ಯತ್ಯಾಸ ಬಂದರೆ ಯಾರ ಜವಾಬ್ದಾರಿ ಎಂದು ತೀರ್ಮಾನ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಂಬಯಿಯಿಂದ ಬಳೆಯ ಪೆಟ್ಟಿಗೆ ಬಂದಾಗ ಮಾವನವರು ಹಮಾಲನನ್ನು ನಿಲ್ಲಿಸಿಕೊಂಡೇ ಪೆಟ್ಟಿಗೆ ತೆರೆಸುತ್ತಿದ್ದರು. ಒಡಕು ಎಷ್ಟಿದೆಯೋ ಬಿಲ್ಟಿಯ ಮೇಲೆ ಬರೆದು, ಲಾರಿಯವನ ಸಹಿ ಹಾಕಿಸಿ, ನಂತರವೇ ಹಮಾಲನಿಗೆ ಚಹಾ. ಹೊಸದಾಗಿ ಬಂದ ನಾನು, ಇಷ್ಟು ಸಣ್ಣದಕ್ಕೆ ಇಷ್ಟು ಹೊತ್ತು ಏಕೆ ಎಂದು ಪತಿಯನ್ನು ಕೇಳಿದ್ದೆ. ಬರೆಯದಿದ್ದರೆ ಒಡೆದ ಬಳೆಯ ಹಣ ಕೊನೆಗೆ ಹಮಾಲನ ಕೂಲಿಯಿಂದ ಹೋಗುತ್ತದೆ, ಅದಕ್ಕೆ, ಎಂದರು.

ಆ ಅಭ್ಯಾಸದಿಂದ ನಾನು ಅಲ್ಲಿಯೂ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತಿದ್ದೆ. ದಿನ ಕೆಲಸ ಮುಗಿದ ಮೇಲೆ ಏನು ಮಾಡಿದೆ, ಏನು ಕಂಡೆ ಎಂದು ಕನ್ನಡದಲ್ಲಿ ನಾಲ್ಕು ಸಾಲು, ರೋಜಕೀರ್ದಿ ಬರೆದಂತೆ. ನಡುವೆ ಖಾಲಿ ಸಾಲು ಬಿಡುವುದಿಲ್ಲ. ಅದು ಕೀರ್ದಿಯ ಮೊದಲ ನಿಯಮ. ಜೂನ್ 16, ಶುಕ್ರವಾರದ ಸಾಲುಗಳು ಹೀಗಿವೆ: “ರೈಲು ಸ್ಟೇಶನ್. ಗಡಿಯಾರದ ಗೋಪುರ, ಬುಡದಿಂದ ಮೂರನೇ ಸಾಲು, ಎಡ ಮೂಲೆ. ಕಂದು ಇಟ್ಟಂಗಿಗೆ ಕೂದಲಿನಂಥ ಸೀಳು. ಮುಟ್ಟಿಲ್ಲ. ಮೇಜಿನ ಹುಡುಗಿಗೆ ತೋರಿಸಿದೆ.” ಮುಂಬಾಗಿಲ ಮೇಜಿನ ಹುಡುಗಿ ಬಂದು ನೋಡಿ, ಹೇಳುತ್ತೇನೆ ಎಂದು ತಲೆಯಾಡಿಸಿದ್ದಳು.

ಜೂನ್ 20, ಮಂಗಳವಾರ ನಾನು ಹೋಗುವ ಹೊತ್ತಿಗೆ ಪ್ರದರ್ಶನದ ಕೋಣೆಯಲ್ಲಿ ಜನ ಸೇರಿದ್ದರು. ಸ್ಟೇಶನ್ನಿನ ಗೋಪುರ ಒಂದು ಕಡೆಗೆ ವಾಲಿತ್ತು. ಕಂದು ಇಟ್ಟಿಗೆಯ ಅರ್ಧ ಹೋಳು ಹಳಿಗಳ ಮೇಲೆ ಬಿದ್ದಿತ್ತು. ರವಿವಾರ ಸಂಜೆ ಬಾಗಿಲು ಹಾಕಿದ ಮೇಲೆ ಆ ಕೋಣೆಯ ನೆಲ ತೊಳೆದವನು ಒಬ್ಬ ಹುಡುಗ. ಇಪ್ಪತ್ತರ ವಯಸ್ಸು, ಬೇರೆ ದೇಶದಿಂದ ಓದಲು ಬಂದವನು. ಸ್ವಚ್ಛತೆಯ ಗುತ್ತಿಗೆದಾರನ ಕೈಕೆಳಗೆ ಸಂಜೆ ಕೆಲಸ. ನೆಲದ ಯಂತ್ರವನ್ನು ಪೀಠಕ್ಕೆ ತಾಗಿಸಿರಬೇಕು ಎಂಬುದು ಗುತ್ತಿಗೆದಾರನ ಕಡೆಯವನ ಮಾತು. ಹುಡುಗ ಇಲ್ಲ ಎನ್ನುತ್ತಿದ್ದ. ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ತಿರುವುತ್ತಿದ್ದ. ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ನಂಬುವುದಿಲ್ಲವೆಂದು ಹೇಳುತ್ತಲೂ ಇರಲಿಲ್ಲ. ಅದು ಅವರ ರೀತಿ. ಕೆಲಸ ಹೋಗುವುದು ಖಂಡಿತ ಎಂದು ಎಲ್ಲರ ಮುಖದಲ್ಲಿಯೂ ಬರೆದಿತ್ತು.

ನಾನು ನೋಟ್‌ಬುಕ್ ತೆಗೆದೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಶುಕ್ರವಾರ ಎಂದೆ, ಸೀಳು ಎಂಬುದಕ್ಕೆ ಶಬ್ದ ತೋಚದೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಗುತ್ತಿಗೆದಾರನ ಕಡೆಯವನು ಪುಟದ ಮೇಲೆ ಕಣ್ಣಾಡಿಸಿ, ಇದನ್ನು ಯಾರು ಓದಬೇಕು, ಈಗ ಬರೆದದ್ದಲ್ಲ ಎಂದು ಹೇಗೆ ತಿಳಿಯಬೇಕು ಎಂದ. ಆಗ ಮೇಲ್ವಿಚಾರಕಿ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರ ಅವಳಿಗೆ ಬಾರದು, ಆದರೆ ಅಂಕಿ ಅವರವೇ: 16ರ ಕೆಳಗೆ 17, 17ರ ಕೆಳಗೆ 18, ನಡುವೆ ಒಂದು ಸಾಲಿನಷ್ಟೂ ಜಾಗವಿಲ್ಲ. 16ರದು ನೀಲಿ ಶಾಯಿ, 17ಕ್ಕೆ ಪೆನ್ನು ಮುಗಿದು ಮೊಮ್ಮಗನ ಹಸಿರು ಪೆನ್ನಿನಲ್ಲಿ ಬರೆದಿದ್ದೆ. ಅಷ್ಟರಲ್ಲಿ ಮೇಜಿನ ಹುಡುಗಿ ಮುಂದೆ ಬಂದಳು. ಮುಖ ಕೆಂಪಾಗಿತ್ತು. ಈ ಅಮ್ಮ ನನಗೆ ತೋರಿಸಿದ್ದು ನಿಜ, ಶನಿವಾರದ ಗದ್ದಲದಲ್ಲಿ ನಾನು ವರದಿಗೆ ಸೇರಿಸಲಿಲ್ಲ ಎಂದಳು. ಆ ಮಾತು ಆಡದೆ ಸುಮ್ಮನಿರುವುದು ಅವಳಿಗೆ ಬಹಳ ಸುಲಭವಿತ್ತು. ನನ್ನ ಮಟ್ಟಿಗೆ ಆ ದಿನದ ದೊಡ್ಡ ಕೆಲಸ ಅವಳದೇ, ನನ್ನದಲ್ಲ.

ಮಧ್ಯಾಹ್ನ ಮಗಳು ಊಟದ ಬಿಡುವಿನಲ್ಲಿ ಬಂದು ಆ ನಾಲ್ಕು ಸಾಲುಗಳನ್ನು ಇಂಗ್ಲಿಷಿಗೆ ಇಳಿಸಿ ಸಹಿ ಮಾಡಿದಳು. ಕನ್ನಡದ ಪುಟದ ಜೆರಾಕ್ಸ್ ತೆಗೆದು ವರದಿಗೆ ಲಗತ್ತಿಸಿದರು. ಮನೆಗೆ ಹೋಗುವಾಗ ಕಾರಿನಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವ್ವಾ, ಆ ಹುಡುಗನ್ನ ನೋಡಿ ನನಗ ನಾ ಇಲ್ಲಿ ಬಂದ ಮೊದಲನೇ ವರ್ಷ ನೆನಪಾತು” ಎಂದಳು. ಆ ವರ್ಷ ಫೋನಿನಲ್ಲಿ ಅವಳು ಪ್ರತಿ ರವಿವಾರ “ಎಲ್ಲಾ ಆರಾಮ” ಎನ್ನುತ್ತಿದ್ದಳು. ಏನಾಗಿತ್ತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಗುರುವಾರ ಪ್ರದರ್ಶನದವರ ಕಡೆಯಿಂದ ಕಟ್ಟುವ ಕೆಲಸಗಾರನೊಬ್ಬ ಸಣ್ಣ ಪೆಟ್ಟಿಗೆ ಹಿಡಿದು ಬಂದ. ಬಿಸಿಲು-ಮಳೆಗೆ ನಿಲ್ಲಿಸುವ ಆಕೃತಿಗಳನ್ನೂ ತುಂಬ ದೊಡ್ಡವನ್ನೂ ಅಂಟು ಹಾಕಿ ಕಟ್ಟುತ್ತಾರೆ. ಈ ಪ್ರದರ್ಶನದವು ಅಂಟಿಲ್ಲದವು, ಭಾಗಭಾಗವಾಗಿ ಬಿಚ್ಚಿ ಪೆಟ್ಟಿಗೆಗೆ ಹೋಗುವಂಥವು. ಹೀಗಾಗಿ ಗೋಪುರವನ್ನು ಸಾಲು ಸಾಲಾಗಿ ಬಿಡಿಸಿ ಬಟ್ಟೆಯ ಮೇಲೆ ಅದೇ ಕ್ರಮದಲ್ಲಿ ಜೋಡಿಸಿಟ್ಟ. ನಾನು ಹತ್ತಿರ ನಿಂತು ನೋಡಿದೆ. ಮುರಿದದ್ದು ಒಂದು, ಆದರೆ ಸೀಳು ಬಿಟ್ಟ ಕಂದು ಇಟ್ಟಿಗೆಗಳು ಒಳಗೆ ಇನ್ನೂ ಐದು ಇದ್ದವು. ಯಂತ್ರ ತಾಗಲು ಸಾಧ್ಯವೇ ಇಲ್ಲದ ಕಡೆ. ಅವನು ತಿಳಿಸಿ ಹೇಳಿದ: ಕೆಳಗಿನ ಇಟ್ಟಿಗೆಯ ಗುಬುಟು ಮೇಲಿನದರ ಒಳಗಿನ ಜಾಗಕ್ಕಿಂತ ಕೂದಲೆಳೆಯಷ್ಟು ದಪ್ಪ. ಒತ್ತಿದಾಗ ಮೇಲಿನದರ ಗೋಡೆ ತುಸು ಹಿಗ್ಗಿ ಬಿಗಿಯಾಗಿ ಹಿಡಿಯುತ್ತದೆ, ಅದಕ್ಕೇ ಕಟ್ಟಡ ನಿಲ್ಲುವುದು. ಅಂದರೆ ಕೂಡಿಸಿದ ಇಟ್ಟಿಗೆ ಹಗಲೂ ರಾತ್ರಿ ಎಳೆತದಲ್ಲಿಯೇ ಇರುತ್ತದೆ. 1963ರಿಂದ ಬಳಸುತ್ತಿರುವ ಎಬಿಎಸ್ ಎಂಬ ಪ್ಲಾಸ್ಟಿಕ್ ಗಟ್ಟಿಯೇ. ಆದರೆ ಕೆಂಪು-ಕಂದು ಬಣ್ಣದ ಹಳೆಯ ಇಟ್ಟಿಗೆಗಳು ಬೇಗ ಸೀಳುತ್ತವೆ, ಅದು ಕಟ್ಟುವವರಿಗೆಲ್ಲ ಗೊತ್ತಿರುವ ಮಾತು. ಯಾರೂ ಮುಟ್ಟದೆಯೂ ಅದು ಮುರಿಯುತ್ತಿತ್ತು.

ಹುಡುಗನ ಮೇಲಿನ ಆಪಾದನೆಯನ್ನು ವರದಿಯಿಂದ ತೆಗೆದರು. ಕೂಲಿಯಿಂದ ಹಣ ಹಿಡಿಯಲಿಲ್ಲ. ಆದರೂ ಗುತ್ತಿಗೆದಾರ ಅವನನ್ನು ಆ ಕಟ್ಟಡಕ್ಕೆ ಮತ್ತೆ ಕಳಿಸಲಿಲ್ಲ, ಬೇರೆ ಎಲ್ಲಿಯೋ ಹಾಕಿದ. ಇದು ನ್ಯಾಯವೆಂದು ನನಗೆ ಅನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಓದುಗ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಗಲ್ಲೆಯಲ್ಲಿ ಐವತ್ತು ರೂಪಾಯಿ ಕಡಿಮೆ ಬಂದರೆ ಮೊದಲು ಕಣ್ಣು ಹೋಗುವುದು ಕಸ ಹೊಡೆಯುವವನ ಕಡೆಗೆ. ಹಣ ಆಮೇಲೆ ಸಿಕ್ಕಿದರೂ ಆ ನೋಟ ಅವನಿಗೆ ಮರೆಯುವುದಿಲ್ಲ.

ನಾನು ಈ ಕೆಲಸ ಮಾಡಿದೆನೆಂದು ತಿಳಿದ ಮೇಲೆ, ಮನೆಯಲ್ಲಿ ಮಕ್ಕಳ ಇಟ್ಟಿಗೆಗಳನ್ನು ತೊಳೆಯುವುದು ಹೇಗೆ ಎಂದು ಸೊಲ್ಲಾಪುರದ ಒಬ್ಬಿಬ್ಬರು ಸೊಸೆಯಂದಿರು ಕೇಳಿದ್ದಾರೆ. ಪ್ರದರ್ಶನದ ಮಾದರಿಗೆ ನೀರು ಕೂಡದು, ಆದರೆ ಬಿಡಿ ಇಟ್ಟಿಗೆ ತೊಳೆಯಲು ಅಡ್ಡಿಯಿಲ್ಲ. ಉಗುರು ಬೆಚ್ಚಗಿನ ನೀರು, 40 ಡಿಗ್ರಿ ಮೀರಬಾರದು. ಸೌಮ್ಯವಾದ ಸಾಬೂನು, ಕೈಯಿಂದಲೇ ತೊಳೆಯುವುದು. ಜಾಳಿಗೆ ಚೀಲದಲ್ಲಿ ಹಾಕಿ ಅದ್ದಿದರೆ ಸಣ್ಣವು ಮೋರಿಗೆ ಹೋಗುವುದಿಲ್ಲ. ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಬಾರದು. ಸ್ಟಿಕರ್ ಹಚ್ಚಿದವು, ಬ್ಯಾಟರಿ, ಮೋಟಾರು ಇರುವವು ನೀರಿಗೆ ಬೇಡ, ಒರೆಸಿದರೆ ಸಾಕು. ಕೊನೆಯ ನೀರು ಸಿಹಿ ನೀರಿರಲಿ; ನಮ್ಮ ಬೋರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಒಣಗಿಸುವುದು ನೆರಳಿನಲ್ಲಿ, ಹತ್ತಿಯ ಅರಿವೆಯ ಮೇಲೆ ಹರಡಿ. ಮಾಳಿಗೆಯ ಬಿಸಿಲಿಗೆ ಹಾಕಿದರೆ ಬಿಳಿ ಇಟ್ಟಿಗೆ ಹಳದಿ ತಿರುಗುತ್ತದೆ. ಹಾಗೆ ಹಳದಿಯಾದದ್ದನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಹಾಕಿ ಬೆಳ್ಳಗೆ ಮಾಡುವವರೂ ಇದ್ದಾರೆ. ಆ ಕೆಲಸಗಾರ ಅದನ್ನು ಮೆಚ್ಚಲಿಲ್ಲ. ಮುಂದೆ ಮತ್ತೆ ಹಳದಿಯಾಗಬಹುದು, ಮಕ್ಕಳಿರುವ ಮನೆಯಲ್ಲಿ ಆ ಔಷಧ ಏಕೆ ಎಂದ.

ಪ್ರದರ್ಶನವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವುದನ್ನು ನೋಡಬೇಕೆಂದು ನನಗೆ ಬಹಳ ಆಸೆಯಿತ್ತು. ಒಂದೊಂದು ಮಾದರಿಗೂ ಅದರದೇ ಆಕಾರದಲ್ಲಿ ಸ್ಪಂಜು ಕತ್ತರಿಸಿದ ಪೆಟ್ಟಿಗೆ, ಪೆಟ್ಟಿಗೆಗೆ ನಂಬರು. ಆದರೆ ಅದು ಸೆಪ್ಟೆಂಬರಿನಲ್ಲಿ. ನನ್ನ ಮೂವತ್ತು ದಿನ ಜುಲೈ 5ಕ್ಕೆ ಮುಗಿದಿತ್ತು. ಒಂದು ದಿನ ಬಂದು ಕೈಗೂಡಿಸಲೇ ಎಂದು ಕೇಳಿದೆ. ಮೇಲ್ವಿಚಾರಕಿ ಕ್ಯಾಲೆಂಡರ್ ತೋರಿಸಿ ತಲೆಯಾಡಿಸಿದಳು. ಕಾಯಿದೆ ಎಂದರೆ ಕಾಯಿದೆ. ನನಗೆ ಅದೂ ಸರಿಯೆನಿಸಿತು. ಕೊನೆಯ ದಿನ ನನ್ನ ಬ್ರಷ್ಷನ್ನು ತೊಳೆದು, ಒಣಗಿಸಿ, ಅವಳ ಕೈಗೆ ಕೊಟ್ಟೆ. ಅವಳು ಅದನ್ನು ವಹಿಯಲ್ಲಿ ಜಮಾ ಮಾಡಿಕೊಂಡಳು.

ಪ್ರದರ್ಶನ ಮುಗಿಯುವ ವಾರ ಮೊಮ್ಮಗನನ್ನು ಕರೆದುಕೊಂಡು ಟಿಕೇಟು ತೆಗೆಸಿ ಹೋದೆ. ಹಗ್ಗದ ಈಚೆ ನಿಂತು ನೋಡುವಾಗ ಮಾದರಿಗಳು ಮೊದಲಿಗಿಂತ ಚಿಕ್ಕವಾಗಿ ಕಂಡವು. ಧೂಳು ಇರಲಿಲ್ಲ, ಯಾರೋ ಚೆನ್ನಾಗಿ ತೆಗೆಯುತ್ತಿದ್ದಾರೆ. ಸ್ಟೇಶನ್ನಿನ ಗೋಪುರದಲ್ಲಿ ಹೊಸದಾಗಿ ಹಾಕಿದ ಆರು ಕಂದು ಇಟ್ಟಿಗೆಗಳ ಪೈಕಿ ಹೊರಗೆ ಕಾಣುವುದು ಒಂದೇ, ಉಳಿದವುಗಳಿಗಿಂತ ಒಂದಿಷ್ಟು ಹೆಚ್ಚು ಹೊಳೆಯುತ್ತಿತ್ತು. ಮೊಮ್ಮಗನಿಗೆ ಬೆರಳು ಮಾಡಿ ತೋರಿಸಿದೆ. “ಎಲ್ಲಾ ಒಂದೇ ಅದಾವಲ್ಲ ಆಯಿ” ಎಂದು ಅವನು ಹಡಗಿನ ಕಡೆಗೆ ಓಡಿದ.